ಟಿಟವಿ ಮತ್ತು ನಾನು ಹೊತ್ತ ಮುಗಿಲು

ಹುಲಿಗೆ ಹೆದರಿ ಓಡಿದವನ ಕಥೆಗೆ ಒಂದು ಮರ್ಯಾದೆ ಇದೆ. ಹಾವಿಗೆ ಹೆದರಿದವನನ್ನೂ ಜನ ಕೂರಿಸಿ ಚಹಾ ಕೊಟ್ಟು ಕೇಳುತ್ತಾರೆ. ಆದರೆ ಕೌಜುಗದಷ್ಟು ದೊಡ್ಡ ಹಕ್ಕಿಯೊಂದಕ್ಕೆ ಹೆದರಿ ಸಾಯುವುದರಲ್ಲಿದ್ದೆ ಎಂದರೆ ಚಹಾ ಹೋಗಲಿ, ನೀರೂ ಸಿಗುವುದಿಲ್ಲ. ನಮ್ಮ ಮನೆಯಲ್ಲಂತೂ ನಿಜವಾಗಿಯೂ ಸಿಗಲಿಲ್ಲ. ಈಗಲೂ ಯಾವುದಾದರೂ ಸೈಕಲ್ಲಿನ ಬ್ರೇಕು ಕಿರ್ರೆಂದರೆ ನನ್ನ ಎರಡೂ ಕೈ ತಾವಾಗಿ ತಲೆಯ ಮೇಲೆ ಹೋಗುತ್ತವೆ. ಮೇಲಾಗಿ ನಾನು ಗಡಹಿಂಗ್ಲಜದಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವನು. ಇದನ್ನು ಹೇಳದೆ ಇರಬಹುದಿತ್ತು.

ಆ ಪದವಿ ಹಿಡಿದು ಇಚಲಕರಂಜಿಗೆ ಬಂದು ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ದಿವಾಣಜಿ ಆದೆ, ಅಂದರೆ ಲೆಕ್ಕಪತ್ರ ನೋಡುವವನು. ಈ ಊರಿನಲ್ಲಿ ಮಗ್ಗಗಳ ಸದ್ದಿನ ನಡುವೆ ಬಾಯಿಂದ ಆಡಿದ ಮಾತು ಮೂಗಿನ ತುದಿಯನ್ನೂ ದಾಟುವುದಿಲ್ಲ. ಹಾಗಾಗಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ತಲೆಯ ಮೇಲೆ ಎರಡೂ ಕೈ ಬೀಸಿದರೆ ‘ಬಂದ್ ಮಾಡು’. ಮುಷ್ಟಿ ತಿರುಗಿಸಿದರೆ ‘ಚಾಲೂ ಮಾಡು’. ಮನುಷ್ಯರಿಗೂ ಒಂದೊಂದು ಸನ್ನೆಯಿದೆ. ಮಗ್ಗ ರಿಪೇರಿ ಮಾಡುವ ನನ್ನ ಮಾವನವರ ಹೆಸರು ಮೀಸೆ ತಿರುವುವುದು. ಮಾಲೀಕರದು ಹೊಟ್ಟೆ ಸವರುವುದು. ಇಷ್ಟು ವರ್ಷವಾದರೂ ನನಗೊಂದು ಸನ್ನೆ ಹುಟ್ಟಿರಲಿಲ್ಲ. ನನ್ನ ಸುದ್ದಿ ಬಂದರೆ ಗದ್ದ ಎತ್ತಿ ನನ್ನ ಕಡೆ ತೋರಿಸುತ್ತಿದ್ದರು, ಮೂಲೆಯಲ್ಲಿಟ್ಟ ಕಸಬರಿಗೆಯನ್ನು ತೋರಿಸಿದಂತೆ. ಒಳಗೊಳಗೇ ಇದು ನನ್ನನ್ನು ಕೊರೆಯುತ್ತಿತ್ತು.

ಬೇಸಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಟಿಟವಿ ತತ್ತಿಯಿಟ್ಟಿತು. ಪುಸ್ತಕದವರು ಟಿಟ್ಟಿಭ ಎನ್ನುವ, ನೀರಿನ ದಂಡೆಯಲ್ಲಿ ಹಳದಿ ಕಾಲೂರಿ ಓಡಾಡುವ, ಕಣ್ಣಿನ ಮುಂದೆ ಕೆಂಪು ತೊಗಲಿನ ಆ ಹಕ್ಕಿಯೇ. ಪಂಚಗಂಗೆಯ ದಂಡೆ ಬಿಟ್ಟು ಅದು ಆರಿಸಿಕೊಂಡದ್ದು ನಮ್ಮ ನೀರಿನ ಟಾಕಿಯ ಪಕ್ಕ, ಮನೆ ಕಟ್ಟಿ ಉಳಿದ ಖಡಿಯನ್ನು ಹರವಿದ ಜಾಗ. ಖಡಿಕಲ್ಲಿನ ನಡುವೆ ಖಡಿಕಲ್ಲಿನದೇ ಬಣ್ಣದ ನಾಲ್ಕು ತತ್ತಿ. ಎತ್ತಿ ಬೇರೆ ಕಡೆ ಇಡೋಣವೆಂದು ಶಾಸ್ತ್ರೋಕ್ತವಾಗಿ ಸೂಚಿಸಿದೆ. ಪಕ್ಕದ ಮನೆಯ ಪಾರವ್ವಕಾಕು ತಮ್ಮ ಮಾಳಿಗೆಯಿಂದಲೇ ಗದರಿದರು: “ಮುಟ್ಟಬ್ಯಾಡೊ ಮಾರಾಯಾ! ಟಿಟವಿ ಎತ್ತರದಾಗ ತತ್ತಿ ಇಟ್ರ ಮಳಿ ಭಾಳ. ರಾತ್ರಿ ಅದು ಅಂಗಾತ ಮಲಗಿ ಕಾಲು ಮ್ಯಾಗ ಮಾಡಿ ಮುಗಿಲು ಹೊತ್ತಿರತೈತಿ, ಗೊತ್ತೈತೇನು?” ಅದು ಅಂಗಾತ ಮಲಗುವುದಿಲ್ಲವೆಂದು ನಾನು ವಿವರಿಸಹೊರಟೆ. “ನೀ ರಾತ್ರಿ ಎದ್ದು ನೋಡೀಯೇನು?” ಎಂದರು. ನೋಡಿರಲಿಲ್ಲ.

ನಮ್ಮ ಓಣಿಗೆ ನಳದ ನೀರು ಬರುವುದು ಕೆಲವು ದಿನಗಳಿಗೊಮ್ಮೆ, ಅದೂ ಸ್ವಲ್ಪ ಹೊತ್ತು. ಆಗ ಟಾಕಿ ತುಂಬಲಿಲ್ಲವೆಂದರೆ ಮುಂದಿನ ಪಾಳಿಯವರೆಗೆ ಮನೆಯಲ್ಲಿ ಸ್ನಾನ ಎಂಬ ಮಾತೇ ಎತ್ತುವಂತಿಲ್ಲ. ಟಾಕಿ ತುಂಬಿದ ಮೇಲೆ ನೀರು ತಾನಾಗಿ ನಿಲ್ಲುವ ವ್ಯವಸ್ಥೆ ಕೆಟ್ಟು ಕೂತಿತ್ತು. ಹೀಗಾಗಿ ಹೆಂಡತಿ ಮಹಾದೇವಿ ಕೆಳಗೆ ಅಂಗಳದಲ್ಲಿ ಮೋಟಾರಿನ ಸ್ವಿಚ್ಚಿನ ಹತ್ತಿರ, ನಾನು ಮೇಲೆ ಟಾಕಿಯ ಹತ್ತಿರ. ಪಕ್ಕದಲ್ಲೇ ಶೆಡ್ಡು, ಮಗ್ಗಗಳ ಖಟಖಟ. ಕೂಗಿದರೆ ಕೇಳಿಸದು, ತುಂಬಿದಾಗ ನಾನು ಕೈ ಬೀಸಬೇಕು.

ಆ ದಿನ ಮೇಲೇರಿ ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಮುಗಿಲಿನಿಂದ ಒಂದು ಕಿರುಚಾಟ ನೇರ ನನ್ನ ನೆತ್ತಿಗೆ ಇಳಿದು ಬಂತು. ರೆಕ್ಕೆಯ ಗಾಳಿ ಕಿವಿಗೆ ಬಡಿಯಿತು. ಎರಡೂ ಕೈ ಮೇಲೆತ್ತಿ ಬೀಸಿದೆ. ಕೆಳಗೆ ಮಗ್ಗದವರ ಮಗಳು ಮಹಾದೇವಿ ತಪ್ಪದೆ ಮೋಟಾರು ಬಂದ್ ಮಾಡಿದಳು. ನೀರಿನ ಧಾರೆ ನಿಂತದ್ದು ಕಂಡು ಮುಷ್ಟಿ ತಿರುಗಿಸಿದೆ, ಚಾಲೂ ಆಯಿತು. ಅಷ್ಟರಲ್ಲಿ ಗಂಡು ಹಕ್ಕಿಯೂ ಬಂದು ಸೇರಿತು. ಮತ್ತೆ ಕೈ ಬೀಸಿದೆ, ಬಂದ್. ಮುಷ್ಟಿ, ಚಾಲೂ. ಹೀಗೆ ನಾವು ಗಂಡ ಹೆಂಡತಿ ಬಹಳ ಹೊತ್ತು ಸಂಸಾರ ಮಾಡಿದೆವು. ನಮ್ಮ ಮಾಳಿಗೆಗೆ ಅಡ್ಡಗೋಡೆಯಿಲ್ಲ. ಹಿಂದೆ ಹಿಂದೆ ಸರಿಯುತ್ತಿದ್ದವನಿಗೆ ಅದು ನೆನಪಾದದ್ದು ಹಿಮ್ಮಡಿಯ ಕೆಳಗೆ ನೆಲ ಸಿಗದಿದ್ದಾಗ. ಆ ಕ್ಷಣ ಈಗಲೂ ಊಟದ ನಡುವೆ ಬರುತ್ತದೆ, ತುತ್ತು ಅಲ್ಲೇ ನಿಲ್ಲುತ್ತದೆ. ಹೇಗೋ ಮುಂದಕ್ಕೆ ಜಿಗಿದೆ, ಖಡಿಯ ಮೇಲೆ ಕಾಲು ಜಾರಿತು, ಅಂಗಾತ ಬಿದ್ದೆ. ಹಕ್ಕಿ ಮತ್ತೆ ಎರಗಿತು. ಕೈಯೆರಡೂ ಮೇಲೆ, ಕಾಲೆರಡೂ ಮೇಲೆ. ಬೇರೆ ಆಯುಧ ಇರಲಿಲ್ಲ. ಆ ಭಂಗಿಯಲ್ಲೇ ಕತ್ತು ಹೊರಳಿಸಿದಾಗ ಪಾರವ್ವಕಾಕು ಒಗೆದ ಸೀರೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದರು.

ಮಹಾದೇವಿ ತಲೆಯ ಮೇಲೆ ಹಿಟ್ಟು ನಾದುವ ಪರಾತ ಬೋರಲು ಹಾಕಿಕೊಂಡು ಮೇಲೆ ಬಂದಳು. ಹಕ್ಕಿ ಅದರ ಮೇಲೆ ಒಮ್ಮೆ ಸುಳಿದು, ಇದು ತನ್ನ ಕೈಲಾಗುವ ವ್ಯವಹಾರವಲ್ಲವೆಂದು ತತ್ತಿಯ ಕಡೆ ಹೋಯಿತು. ಅಷ್ಟರಲ್ಲಿ ನಳದ ನೀರು ನಿಂತಿತ್ತು.

“ಬಂದ್ ಅಂದ್ರಿ, ಮಾಡಿದೆ. ಚಾಲೂ ಅಂದ್ರಿ, ಮಾಡಿದೆ,” ಎಂದಳು ನನ್ನನ್ನು ಎಬ್ಬಿಸುತ್ತ. “ಆಮ್ಯಾಲೆ ಕಾಲು ಮ್ಯಾಗ ಎತ್ತಿ ಏನ್ ಹೇಳಿದ್ರಿ, ಅದೊಂದು ತಿಳೀಲಿಲ್ಲ ನೋಡ್ರಿ. ನಮ್ಮಪ್ಪ ಆ ಸನ್ನಿ ಕಲಿಸಿಲ್ಲ.”

“ನಾ ಸಾಯತಿದ್ದೆ, ಮಾರಾಯ್ತಿ!”

“ಸಾಯವ್ರು ಟಾಕಿ ತುಂಬಿಸಿ ಸಾಯಬೇಕಿಲ್ರಿ? ನಾಳೆ ಬಂದ ಮಂದಿಗೆ ಕಾಲಿಗೆ ನೀರು ಎಲ್ಲಿಂದ ಕೊಡ್ಲಿ?”

ಮುಂದಿನ ಪಾಳಿಯವರೆಗೆ ಪಾರವ್ವಕಾಕುವಿನ ಮನೆಯಿಂದ ಕೊಡ ಹೊತ್ತದ್ದು ನಾನೇ. ಪ್ರತಿ ಕೊಡಕ್ಕೂ ಅವರು, “ಭಾರ ಆತೇನೊ? ಮುಗಿಲು ಹೊತ್ತಾಂವಗ ಇದೇನು ಭಾರ!” ಎನ್ನುತ್ತಿದ್ದರು. ಆಮೇಲಿನ ಪಾಳಿಗಳಲ್ಲಿ ಪರಾತದೊಂದಿಗೆ ಮಹಾದೇವಿಯೇ ಮೇಲೆ ಹೋದಳು, ನಾನು ಸ್ವಿಚ್ಚು ಕಾದೆ. ಟಾಕಿ ಪ್ರತಿ ಸಲವೂ ತುಂಬಿತು. ಒಂದು ಬೆಳಿಗ್ಗೆ ಖಡಿಯಲ್ಲಿ ಬರಿಯ ಚಿಪ್ಪಿತ್ತು. ಹಿಂದಿನ ಖಾಲಿ ಜಾಗದ ಕೆಸರಿನಲ್ಲಿ ಹತ್ತಿಯುಂಡೆಗೆ ಕಾಲು ಬಂದಂತೆ ನಾಲ್ಕು ಮರಿ ಓಡಾಡುತ್ತಿದ್ದವು. ನನಗೆ ಸಮಾಧಾನವಾಯಿತು. ಎಲ್ಲ ಮುಗಿಯಿತೆಂದುಕೊಂಡೆ.

ಅದೇ ವಾರ ಯಾವುದೋ ಕೆಲಸಕ್ಕೆ ಶೆಡ್ಡಿನ ಬಾಗಿಲಲ್ಲಿ ಕಾಲಿಟ್ಟೆ. ದೂರದ ಮಗ್ಗದವನೊಬ್ಬ ಅಂಗೈ ಎರಡನ್ನೂ ಮುಗಿಲಿಗೆ ಆನಿಸಿ ಒಂದು ಕಾಲು ಎತ್ತಿದ. ಸಾಲಿನಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಯಾರು ಬಂದರೆಂದು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಕೊನೆಗೂ ನನಗೊಂದು ಸನ್ನೆ ಸಿಕ್ಕಿತ್ತು. ಸಿಟ್ಟಿನಿಂದ ಎರಡೂ ಕೈ ಮೇಲೆತ್ತಿ ‘ಬಂದ್ ಮಾಡ್ರಿ’ ಎಂದು ಬೀಸಿದೆ. ಪಾಪ, ವಿಧೇಯ ಜನ. ಮಗ್ಗಗಳನ್ನೆಲ್ಲ ಬಂದ್ ಮಾಡಿದರು. ಅಲ್ಲಿಯವರೆಗೆ ಕಾಣುತ್ತಿದ್ದ ನಗು ಆಗ ಕೇಳಿಸತೊಡಗಿತು.