ಇಡ್ಲಿ ತಟ್ಟೆಯಲ್ಲಿ ಹೆರಿಗೆ

ನನ್ನ ಅತ್ತಿಗೆಯ ಎದುರು ನೀವು ಸೀನಬಾರದು. ಸೀನು ಅರ್ಧಕ್ಕೆ ನಿಂತಿತೋ, ಉಳಿದರ್ಧವನ್ನು ಹೊರಗೆ ತೆಗೆಯಲು ಅವರೇ ನಶ್ಯದ ಡಬ್ಬಿ ಹಿಡಿದು ಬರುತ್ತಾರೆ!

ಉತ್ಪ್ರೇಕ್ಷೆ ಎನ್ನುತ್ತೀರಾ? ಸೂರತ್ತಿನ ವರಾಛಾದಲ್ಲಿ ನನ್ನ ಅಣ್ಣನ ಉಡುಪಿ ಹೋಟೆಲಿದೆ. ಗಿರಾಕಿಗಳೆಲ್ಲ ವಜ್ರ ಉಜ್ಜುವವರು. ಅಂಥವನೊಬ್ಬ ದೋಸೆ ಮುರಿಯಲು ತುಸು ತಡಮಾಡಿದನೆಂದು ಅತ್ತಿಗೆ ಗಲ್ಲಾ ಬಿಟ್ಟು ಎದ್ದು ಬಂದು, ತಾವೇ ಮುರಿದು, ಚಟ್ನಿಯಲ್ಲಿ ಅದ್ದಿ ಹಿಡಿದರು. "ಬೆನ್, ಅಕ್ಕಾ, ಅಗಿಯುವುದನ್ನಾದರೂ ನನಗೆ ಬಿಡಿ" ಎಂದು ಅವನು ಕೈ ಮುಗಿದನಂತೆ.

ಸೂರತ್ ಸ್ಟೇಷನ್ನಿನ ಕಥೆ ಇನ್ನೂ ದೊಡ್ಡದು. ಹೊರಟ ರೈಲಿನ ಪಕ್ಕ ಏದುಸಿರು ಬಿಡುತ್ತ ಓಡುತ್ತಿದ್ದ ಹೆಂಗಸೊಬ್ಬಳನ್ನು ಕಂಡು ಮರುಕ ಉಕ್ಕಿ, ಹಿಂದಿನಿಂದ ಎತ್ತಿ ಬೋಗಿಯೊಳಗೆ ದೂಡಿಬಿಟ್ಟರು. ಆಕೆ ಮಗಳಿಗೆ ಟಾಟಾ ಮಾಡಲು ಬಂದವಳು! ವಾಪಸು ಬಂದದ್ದು ಎರಡು ತಾಸು ದೂರದ ವಡೋದರದಿಂದ.

"ಅಷ್ಟು ಓಡ್ತಿದ್ರಲ್ಲ ಮಾರಾಯ್ತಿ, ಪಾಪ ಅನ್ನಿಸ್ತು" ಎಂದರು ಅತ್ತಿಗೆ ನನಗೆ. ಅಂದಿನಿಂದ ನಮ್ಮ ಕಟ್ಟಡದಲ್ಲಿ ಲಿಫ್ಟಿನೊಳಗೆ ಅವರಿದ್ದರೆ ಕೈಚೀಲ ಹಿಡಿದವರೆಲ್ಲ ಮೆಟ್ಟಿಲು ಹತ್ತುತ್ತಾರೆ.

ಇಂಥವರ ಮನೆಯಲ್ಲೇ ಪಾರಿವಾಳ ಮೊಟ್ಟೆ ಇಡಬೇಕೇ? ಅದೂ ಇಡ್ಲಿ ತಟ್ಟೆಯಲ್ಲಿ! ತೊಳೆದ ತಟ್ಟೆಯನ್ನು ಬಾಲ್ಕನಿಯಲ್ಲಿ ಬೋರಲು ಹಾಕುವುದನ್ನು ಮರೆತು ಅವರು ಊರಿನ ಮದುವೆಗೆ ಹೋಗಿದ್ದರು. ಬಂದು ನೋಡಿದರೆ ಎರಡು ಗುಳಿಗಳಲ್ಲಿ ಎರಡು ಮೊಟ್ಟೆ, ಹಿಟ್ಟು ಹುಯ್ದಷ್ಟು ಅಚ್ಚುಕಟ್ಟಾಗಿ! ಎದುರು ಮನೆಯ ಗುಜರಾತಿ ಅಕ್ಕ, ನಾವೆಲ್ಲ ಬೆನ್ ಎಂದೇ ಕರೆಯುವವರು, ಬಾಯಿಗೆ ಸೆರಗು ಒತ್ತಿದರು.

"ಭಾಭಿ, ನಮಗೆ ಇಡ್ಲಿ ಕೊಡ್ತಿದ್ದದ್ದು ಇದರಲ್ಲೇನಾ?"

"ಆಗ ಅದರಲ್ಲಿ ಇಡ್ಲಿ ಇತ್ತಲ್ಲ!" ಎಂದು ಅತ್ತಿಗೆ ಸಮಾಧಾನ ಹೇಳಿದರು.

ತಟ್ಟೆ ಅಲ್ಲೇ ಉಳಿಯಿತು; ಎರಡು ವಾರ ಕಳೆದು ಒಂದು ಮರಿ ತಾನಾಗಿ ಹೊರಬಂತು. ಎರಡನೆಯ ಮೊಟ್ಟೆಯಲ್ಲಿ ಮಾತ್ರ ಕೊಕ್ಕಿನಷ್ಟು ತೂತು ಬಿದ್ದು ಅಲ್ಲಿಗೇ ನಿಂತಿತು. ಒಳಗಿನಿಂದ ಟಕ್, ಟಕ್. ಅತ್ತಿಗೆಯ ಬೆರಳು ತುರಿಸತೊಡಗಿತು. ನಾನು ಓಡಿ ಫೋನು ಮಾಡಿದೆ, ಇಲ್ಲಿ ಸಂಕ್ರಾಂತಿಯ ಗಾಳಿಪಟದ ದಾರಕ್ಕೆ ಸಿಕ್ಕ ಹಕ್ಕಿಗಳಿಗೆ ಮದ್ದು ಮಾಡುವ ಡಾಕ್ಟರಿಗೆ.

"ಮುಟ್ಟಬೇಡಿ! ಅವಸರ ಮಾಡಿದರೆ ರಕ್ತ ಸುರಿದು ಸಾಯುತ್ತೆ. ಸಂಜೆವರೆಗೂ ಬರದಿದ್ದರೆ, ಬೆರಳು ಒದ್ದೆ ಮಾಡಿಕೊಂಡು ತೂತಿನ ಅಂಚಿಂದ ಒಂದೇ ಒಂದು ಚೂರು ತೆಗೀರಿ. ಮುಂದಿನದು ಅದರ ಕೆಲಸ."

ಸಂಜೆವರೆಗೆ! ಅತ್ತಿಗೆ ಬಾಲ್ಕನಿ ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ, ಎರಡೂ ಕೈಗಳನ್ನು ತೊಡೆಯ ಅಡಿಗೆ ತುರುಕಿ, ಅವುಗಳ ಮೇಲೆಯೇ ಕುಳಿತರು. "ತೆಗೆದ್ರೆ ಸೀದಾ ಮೊಟ್ಟೆಗೇ ಹೋಗ್ತವೆ ಮಾರಾಯ್ತಿ, ನನಗೆ ಗೊತ್ತುಂಟು." ಬೆನ್ ಸಾಸರಿನಲ್ಲಿ ಚಹಾ ಹುಯ್ದು ಎದುರಿಗಿಟ್ಟರೆ, ಕೈ ತೆಗೆಯದೆ ಬಗ್ಗಿ ಸೊರ್ರೆಂದು ಹೀರಿದರು. ಪಾರಿವಾಳ ಪಕ್ಕದ ಗುಳಿಯಲ್ಲಿ ಮರಿಯ ಮೇಲೆ, ಅತ್ತಿಗೆ ಕೈಯ ಮೇಲೆ. ಕಾವು ಕೊಡುತ್ತಿರುವವರು ಯಾರೆಂದು ನಮಗೇ ಗೊಂದಲ!

ಹೊತ್ತು ಇಳಿಯಿತು. ಟಕ್ ಟಕ್ ಸದ್ದು ಸೋತು ಸೋತು, ಆಮೇಲೆ ಆಗೊಂದು ಈಗೊಂದು. ಸುದ್ದಿ ಕೇಳಿ ಬಾಗಿಲಲ್ಲಿ ನೆರೆದ ಕಟ್ಟಡದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬೆನ್ ಮೆಲ್ಲಗೆ ಹೇಳಿದರು:

"ಭಾಭಿ, ಹವೇ ತಮೇ ಜ ಕರೋ. ನೀವೇ ಮಾಡಬೇಕು."

"ನಾನಾ?"

"ಬೇರೆ ಯಾರಿಗೆ ಬರುತ್ತೆ?"

ಅತ್ತಿಗೆ ತಲೆಯೆತ್ತಿ ಬೆನ್ ಮುಖವನ್ನೇ ನೋಡಿದರು. ಅಷ್ಟು ವರ್ಷಗಳಲ್ಲಿ ಯಾರಾದರೂ ಅವರನ್ನು ಹೀಗೆ ಕೇಳಿದ್ದುಂಟೇ? ತೊಡೆಯ ಅಡಿಯಿಂದ ಕೈ ತೆಗೆದರು. ಬೆರಳು ನೀರಿಗದ್ದಿದರು. ಹಬೆಯೊಳಗಿಂದ ಬರಿಗೈಯಲ್ಲಿ ತಟ್ಟೆ ಎತ್ತುವ ಆ ಕೈ ಮೊಟ್ಟೆಯ ಗೇಣು ದೂರದಲ್ಲೇ ನಿಂತುಬಿಟ್ಟಿತು.

"ಎಂತ ಮಾಡುದು, ಹೆದರಿಕೆ ಆಗ್ತದೆ" ಎಂದರು, ನನಗೆ ಮಾತ್ರ ಕೇಳುವಂತೆ. "ಸ್ವಲ್ಪ ಹಿಡ್ಕೊಳ್ತೀಯಾ?"

ನಾನು ಅವರ ಮಣಿಕಟ್ಟು ಹಿಡಿದೆ. ಒದ್ದೆ ಬೆರಳು ಹೋಗಿ, ಸಾಸಿವೆಯಷ್ಟು ಚಿಪ್ಪು ತೆಗೆದು, ತಾನಾಗಿ ಹಿಂದೆ ಬಂತು. ನಾವು ಕಾದೆವು. ಟಕ್. ಮತ್ತೊಮ್ಮೆ ಟಕ್. ಬಿರುಕು ಸುತ್ತು ಹೊಡೆದು, ಚಿಪ್ಪಿನ ಟೋಪಿ ಎದ್ದು, ಹಳದಿ ಕೂದಲಿನ ಒದ್ದೆ ಮುದ್ದೆಯೊಂದು ಗುಳಿಯಲ್ಲಿ ಹೊರಳಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮಿಬ್ಬರಿಗೆ ಆಗಲಿಲ್ಲ. ನಾನು ಅವರ ಕೈ ಬಿಟ್ಟಿರಲಿಲ್ಲ, ಅತ್ತಿಗೆ ಬಿಡಿಸಿಕೊಂಡಿರಲಿಲ್ಲ.