ಪ್ರಾಣೇಶನ ಬ್ರೆಜಿಲ್ ಹೂ

"ನೋಡ್ತಿರು, ಒಂದು ತಿಂಗಳೊಳಗ ನಮ್ಮ ಬಾಲ್ಕನಿ ನೋಡ್ಲಿಕ್ಕೆ ಹೈಟೆಕ್ ಸಿಟಿ ಮಂದಿ ಸಾಲುಗಟ್ಟಿ ಬರ್ತಾರ" ಎಂದು ಪ್ರಾಣೇಶ ಘೋಷಿಸಿದಾಗ ಅವನ ಕೈಯಲ್ಲಿದ್ದದ್ದು ಒಂದೇ ಒಂದು ಕುಂಡ.

ರಾಯಚೂರಿನಿಂದ ಹೈದರಾಬಾದಿಗೆ ಬಂದು ಸಾಫ್ಟ್‌ವೇರ್ ಕಂಪನಿ ಸೇರಿದ ಮೇಲೆ, ತಾನು ಮನಸ್ಸು ಮಾಡಿದರೆ ಆಗದ್ದೇ ಇಲ್ಲ ಎಂಬ ಭ್ರಮೆ ಅವನಿಗೆ ಹತ್ತಿತ್ತು. ನರ್ಸರಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೆಂಪಗೆ ಅರಳಿ ನಿಂತಿದ್ದ ಈ ಗೇಣುದ್ದದ ಗಿಡವನ್ನು ಕಂಡು, ಮಾರುವವ "ಬ್ರೆಜಿಲ್ ಕಾ ಹೈ ಸಾಬ್" ಎಂದದ್ದೇ ತಡ, ಎದೆಗವಚಿಕೊಂಡು ಬಸ್ ಹತ್ತಿದ್ದ. ಮನೆ ಮುಟ್ಟುವಾಗ ಹೂಗಳೆಲ್ಲ ಮುದುಡಿ ಕೂತಿದ್ದವು.

ಹೆಂಡತಿ ಸುಮಂಗಲಾ ಬಗ್ಗಿ ನೋಡಿದಳು. "ಇದು ಟೇಬಲ್ ರೋಸ್ ಅಲ್ಲೇನ್ರಿ? ಇದು ಮುಂಜಾನೆ..."

"ನಿನಗ ಕೆಂಪಗ ಕಂಡದ್ದೆಲ್ಲಾ ರೋಸೇ. ಇದರ ಖರೇ ಹೆಸರು ನಾನೇ ಕಂಡುಹಿಡೀತೀನಿ. ನಡುವ ಬಾಯಿ ಹಾಕಬ್ಯಾಡ."

ಸುಮಂಗಲಾ ಉಳಿದ ಮಾತನ್ನು ನುಂಗಿ ಅಡುಗೆಮನೆಗೆ ನಡೆದಳು. ಮದುವೆಯಾದ ಮೇಲೆ ಆಕೆ ಕಲಿತ ದೊಡ್ಡ ವಿದ್ಯೆ ಅದು.

ಪ್ರಾಣೇಶ ಬೆಳಿಗ್ಗೆ ಎಂಟಕ್ಕೆ ಕಂಪನಿ ಬಸ್ ಹತ್ತಿದರೆ ಕತ್ತಲಾದ ಮೇಲೆಯೇ ಬರುತ್ತಿದ್ದ. ಬಂದವನೇ ಬೂಟು ಕಳಚದೆ ಬಾಲ್ಕನಿಗೆ ಓಡುತ್ತಿದ್ದ. ಹೂ ಮಾತ್ರ ದಿನವೂ ಮುಚ್ಚಿಕೊಂಡೇ ಇರುತ್ತಿತ್ತು. ಪಾಪ, ಗಿಡಕ್ಕೆ ಅಕ್ಕಿ ತೊಳೆದ ನೀರಾಯಿತು, ಹುಳಿ ಮಜ್ಜಿಗೆಯಾಯಿತು, ಚಹಾದ ಚರಟವೂ ಆಯಿತು. ಹೆಂಡತಿ ಆಫೀಸಿಗೆ ಫೋನ್ ಮಾಡಿ, "ಭಾಳ ಛಂದ ಅರಳ್ಯಾವರಿ" ಎಂದಾಗಲೆಲ್ಲ ಅವನ ಕಣ್ಣು ತೇವವಾಗುತ್ತಿತ್ತು. ತನ್ನ ಸಮಾಧಾನಕ್ಕೆ ಇವಳು ಎಷ್ಟು ಸುಳ್ಳು ಹೇಳುತ್ತಾಳಲ್ಲ ಎಂದು! ಭಾನುವಾರವಾದರೂ ಮನೆಯಲ್ಲಿದ್ದನೇ? ಅದೂ ಇಲ್ಲ. ಹೂವಿನ ಹೆಸರು ಹುಡುಕಲು ಅಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕಗಳ ನಡುವೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ.

ಇತ್ತ ಆಫೀಸಿನಲ್ಲಿ ಅವನ ಮಾನ ಆ ಕುಂಡಕ್ಕೆ ಗಂಟುಬಿದ್ದಿತ್ತು. ಇಡೀ ಟೀಮಿನ ಎದುರು ಅಷ್ಟು ಕೊಚ್ಚಿಕೊಂಡಿದ್ದ. ಮೈಸೂರಿನ ಹುಡುಗ ಋಷಭ್ ದಿನಾ ಕೇಳುತ್ತಿದ್ದ, "ಸಾರ್, ಬ್ರೆಜಿಲ್ ಹೂ ಯಾವಾಗ ತೋರಿಸ್ತೀರಾ?" ಕೊನೆಗೆ ತಾಳಲಾರದೆ, ಶನಿವಾರ ಆಫೀಸು ಬೇಗ ಮುಗಿಸಿ ಸಂಜೆ ಆರಕ್ಕೆ ಮನೆಗೆ ಬನ್ನಿ ಎಂದು ಎಲ್ಲರನ್ನೂ ಕರೆದುಬಿಟ್ಟ. ಅಷ್ಟರಲ್ಲಿ ಮಜ್ಜಿಗೆ ಕೆಲಸ ಮಾಡೀತೆಂಬ ನಂಬಿಕೆ.

ಎಲ್ಲರೂ ಬಂದರು. ಪ್ರಾಣೇಶ ಕುಂಡಕ್ಕೆ ಹೊದಿಸಿದ್ದ ಶಲ್ಯವನ್ನು ಗಂಭೀರವಾಗಿ ಎತ್ತಿದ. ಒಳಗೆ ಸುಟ್ಟ ಬೆಂಕಿಕಡ್ಡಿಗಳಂಥ ಮೊಗ್ಗುಗಳು.

"ಇನ್ನೂ ಡೌನ್‌ಲೋಡ್ ಆಗ್ತಿದೆಯಾ ಸಾರ್?" ಎಂದ ಋಷಭ್.

"ಇದು ಬ್ರೆಜಿಲ್ ಟೈಮಿಗೆ ಅರಳ್ತದ" ಎಂದ ಪ್ರಾಣೇಶ, ಬೆವರು ಒರೆಸಿಕೊಳ್ಳುತ್ತ.

ಋಷಭ್ ಗಡಿಯಾರ ನೋಡಿದ. "ಅಲ್ಲಿ ಈಗ ಬೆಳಗ್ಗೆ ಒಂಬತ್ತೂವರೆ ಸಾರ್. ಕಾಯೋಣ."

ಮಿರ್ಚಿ ಭಜಿಯ ತಟ್ಟೆ ಹಿಡಿದು ಬಂದ ಸುಮಂಗಲಾಗೆ ಗಂಡನ ಮುಖ ನೋಡಿ ಕನಿಕರವಾಯಿತು. "ಬ್ರೆಜಿಲ್ ಗಿಜಿಲ್ ಅಲ್ಲರಿ, ಟೇಬಲ್ ರೋಸ್ ಅದ. ಬಿಸಿಲೇರಿದ ಮ್ಯಾಲೆ ಹತ್ತಕ್ಕ ಅರಳಿ, ಮೂರರೊಳಗ ಮುಚ್ಕೋತದ. ದಿನಾ ಫೋನ್ ಮಾಡಿ ಹೇಳೀನಿ, ಇವರು ನಂಬಿಲ್ಲ."

ಟೀಮು ಭಜಿ ತಿಂದು, ನಕ್ಕು, ಇನ್ನಷ್ಟು ಭಜಿ ತಿಂದು ಹೋಯಿತು.

ಮರುದಿನ ಭಾನುವಾರ ಪ್ರಾಣೇಶ ಅಬಿಡ್ಸಿಗೆ ಹೋಗಲಿಲ್ಲ. ಅರಳಿದ ಹೂವನ್ನು ಕಣ್ಣಾರೆ ನೋಡಿಯಾದರೂ ಹೋದ ಮಾನ ಮರಳಿ ಪಡೆಯಲು ಸ್ನಾನ ಮುಗಿಸಿ, ಒಂಬತ್ತಕ್ಕೇ ಕುಂಡದ ಎದುರು ಕುರ್ಚಿ ಹಾಕಿ ಕೂತ. ವಾರವಿಡೀ ದುಡಿದ ಮೈ, ಮೇಲೆ ಎಳೆಬಿಸಿಲು. ಕಣ್ಣು ಬಿಟ್ಟಾಗ ಗಂಟೆ ಮೂರೂವರೆ. ಹೂಗಳು ಆಗಲೇ ಬಾಗಿಲು ಹಾಕಿಕೊಂಡಿದ್ದವು.

"ಎಬ್ಬಿಸಬಾರದಿತ್ತೇನ?" ಎಂದು ಗೋಗರೆದ.

"ಭಾಳ ನಿದ್ದಿ ಹತ್ತಿತ್ತು, ಮನಸ್ಸಾಗಲಿಲ್ಲರಿ. ಬಾಜೂ ಮನಿಯವರು ಬಂದಿದ್ರು. ಹೂ ಭಾಳ ಛಂದ ಅವ ಅಂದ್ರು. ಆಮ್ಯಾಲೆ ಕುರ್ಚಿ ಮ್ಯಾಲೆ ಮಲಗಿದವರು ಯಾರು ಅಂತ ಕೇಳಿದ್ರು."

"ನೀ ಏನಂದಿ?"

"ಏನನ್ಲಿ? ಇವರನ್ನ ಹಗಲೊತ್ತಿನ್ಯಾಗ ನಾನೂ ಇವತ್ತೇ ನೋಡ್ಲಿಕ್ಕತ್ತೀನಿ ಅಂದೆ."