ಎಲ್ಲರಿಗೂ ತೆರಕಣಾಂಬಿ

ಟಿಕೆಟ್ಟಿನ ಮೇಲೆ ಯಾವ ಊರಿನ ಹೆಸರಿದೆಯೋ ಆ ಊರಿನಲ್ಲಿ ಪ್ರಯಾಣಿಕ ಇಳಿಯತಕ್ಕದ್ದು. ಬಸ್ಸಿನ ವ್ಯವಹಾರದಲ್ಲಿ ಇದಕ್ಕಿಂತ ಸರಳವಾದ ನಿಯಮ ಇನ್ನೊಂದಿಲ್ಲ. ಚಾಮರಾಜನಗರದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ನಾನು ಮ್ಯಾನೇಜರ್. ಇಷ್ಟು ಸರಳವಾದ ನಿಯಮವನ್ನು ಜನ ಎಷ್ಟು ಬಗೆಯಲ್ಲಿ ಮುರಿಯಬಲ್ಲರು ಎಂದು ಕುತೂಹಲದಿಂದ ನೋಡುತ್ತಲೇ ಬಂದಿದ್ದೇನೆ. ಆದರೆ ಅಂಗೈಯಗಲದ ಒಂದು ಮೆಷಿನ್ ಕೆಟ್ಟು, ಹತ್ತಿದವರೆಲ್ಲ ಒಟ್ಟಿಗೇ ನಿಯಮ ಮುರಿದದ್ದನ್ನು ಕಂಡದ್ದು ಅದೊಂದೇ ಸಲ.

ಉಮ್ಮತ್ತೂರಿನಿಂದ ಹೊರಟು, ಚಾಮರಾಜನಗರ, ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಅದು. ಕಂಡಕ್ಟರ್ ಕೈಯಲ್ಲಿದ್ದ ಟಿಕೆಟ್ ಮೆಷಿನ್ ಒಂದು ಬೆಳಿಗ್ಗೆಯಿಂದ ಯಾವ ಊರು ಒತ್ತಿದರೂ ‘ತೆರಕಣಾಂಬಿ’ ಎಂದೇ ಅಚ್ಚು ಮಾಡತೊಡಗಿತು. ಚಾರ್ಜು ಸರಿ, ವೇಳೆ ಸರಿ, ಊರು ಮಾತ್ರ ತೆರಕಣಾಂಬಿ.

ಹೊಸದು ಕೊಳ್ಳೋಣ ಎಂದೆ. ಮಾಲೀಕರು ಒಪ್ಪಲಿಲ್ಲ. “ಚಾರ್ಜು ಸರ್ಯಾಗಿ ಬತ್ತಾ ಅದಲ್ಲ ಸಾ? ಊರ್ನ ಕಟ್ಕೊಂಡು ಏನ್ಮಾಡ್ತೀರಿ? ರಿಪೇರಿ ಮಾಡ್ಸನ ಬುಡಿ.”

ಕಂಡಕ್ಟರ್ ಮುಖ ಸಣ್ಣದಾಯಿತು. ನಮ್ಮಲ್ಲಿ ತಲೆ ನರೆಸಿದ ಮನುಷ್ಯ, ಒಂದು ದಿನವೂ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. “ಟಿಕೆಟ್ಟಲ್ಲಿ ಒಂದೂರು, ಇಳ್ಸೋದು ಒಂದೂರು ಆದ್ರೆ ಜನ ನನ್ನ ಕಳ್ಳ ಅಂತಾರೆ ಸಾ. ಒಸಾದು ಕೊಡ್ಸಿ, ಇಲ್ಲ ನನ್ನ ಬುಟ್ಬುಡಿ” ಎಂದ.

ಕೊಟ್ಟ ಮೇಲೆ ಬಿಡುವುದುಂಟೆ

ಮೊದಲನೆಯ ದಿನವೇ ಒಬ್ಬ ಗಿರಾಕಿ ಸಿಕ್ಕಿದ. ಉಮ್ಮತ್ತೂರಿನಲ್ಲಿ ಹತ್ತಿ ಚಾಮರಾಜನಗರಕ್ಕೆ ಟಿಕೆಟ್ ಕೇಳಿದವನು ಚಾಮರಾಜನಗರ ಬಂದರೂ ಸೀಟು ಬಿಟ್ಟು ಏಳಲಿಲ್ಲ.

“ಇಳೀರಿ, ನಿಮ್ಮೂರು ಬಂತು” ಎಂದ ಕಂಡಕ್ಟರ್.

“ಎಲ್ಲಿ ಬಂತು? ಇಲ್ನೋಡು, ತೆರಕಣಾಂಬಿ ಅಂತ ಅದೆ.”

“ಮೆಷಿನ್ ಕೆಟ್ಟದೆ ಕಣಣ್ಣ. ನೀನು ಕೊಟ್ಟ ಚಾರ್ಜು ಇಲ್ಲೀಗಂಟ ಮಾತ್ರ.”

“ಅದ್ನ ನಿನ್ ಮೆಷಿನ್ಗೆ ಯೋಳು.”

ಮಾತು ಬೆಳೆಯಿತು. ಆಫೀಸಿನಿಂದ ನಾನೇ ಹೋಗಿ, ತೆರಕಣಾಂಬಿಯಲ್ಲಿ ನಿಮಗೇನು ಕೆಲಸ ಎಂದು ಕೇಳಿದೆ.

“ಏನೂ ಇಲ್ಲ ಸಾ. ಅಲ್ಲಿ ನಂಗೆ ಯಾರೂ ಇಲ್ಲ. ಆದ್ರೂ ಕೊಟ್ಮೇಲೆ ಬುಡಾಕಾಯ್ತದಾ?” ಎಂದ. ಆಮೇಲೆ ಚಿಂತೆಯಿಂದ ಕೇಳಿದ: “ಸಾ, ವಾಪಸ್ ಬರಾಕೂ ಇದೇ ಟಿಕೆಟ್ ಆಯ್ತದಾ?”

ತಟ್ಟುವ ವಿದ್ಯೆ

ಮೆಷಿನ್ನಿಗೆ ಏನಾಗಿದೆ ಎಂಬುದರಲ್ಲಿ ಬಸ್ಸಿನ ಯಾವ ಇಬ್ಬರ ಅಭಿಪ್ರಾಯವೂ ಒಂದಾಗುತ್ತಿರಲಿಲ್ಲ. ಒಬ್ಬ ಬಿಸಿಲಿಗೆ ಮಡುಗಿ ಎಂದ. ಡ್ರೈವರನ ಮುಂದಿನ ಗಾಜಿನ ಹತ್ತಿರ ಇಟ್ಟರು. ಮುಂದಿನ ಸ್ಟಾಪಿನಲ್ಲಿ ಹತ್ತಿದವನು, “ಕಾದೋಗದೆ, ನೆರಳ್ಗೆ ಮಡುಗಿ” ಎಂದ. ಸೀಟಿನ ಕೆಳಗೆ ಇಟ್ಟರು. ಒಬ್ಬಾಕೆ ಅದಕ್ಕೆ ದೃಷ್ಟಿ ತಗುಲಿದೆ ಎಂದು ಸೆರಗಿನ ತುದಿಯಿಂದ ಮೂರು ಸಲ ನಿವಾಳಿಸಿದಳು.

ಕೊನೆಗೆ ಡ್ರೈವರ್ ತನ್ನ ವಿದ್ಯೆ ತೋರಿಸಿದ. “ಎಲ್ಲಿ ತಟ್ಬೇಕು ಅಂತ ಗೊತ್ತಿರ್ಬೇಕು” ಎಂದು ಮೆಷಿನ್ನಿನ ಪಕ್ಕೆಗೆ ಒಂದು ಬಾರಿಸಿದ. ಅಚ್ಚರಿಯೆಂದರೆ ಊರು ಬದಲಾಯಿತು. ಅಂದಿನಿಂದ ಎರಡು ಟ್ರಿಪ್ ಎಲ್ಲರಿಗೂ ‘ಪುಣಜನೂರು’ ಟಿಕೆಟ್ಟು! ಆ ಮೆಷಿನ್ ಹಿಂದೆ, ಸತ್ಯಮಂಗಲದ ದಾರಿಯಲ್ಲಿ ಕಾಡಂಚಿಗಿರುವ ಪುಣಜನೂರಿನ ಬಸ್ಸಿನಲ್ಲಿತ್ತು. ಹಳೆಯ ನೆನಪು ಎದ್ದು ಬಂದಿರಬೇಕು. ಗುಂಡ್ಲುಪೇಟೆಗೆ ಹೊರಟಿದ್ದ ಹೆಂಗಸೊಬ್ಬಳು ಟಿಕೆಟ್ ಓದಿ, “ಅಯ್ಯೋ, ಈ ಬಸ್ಸು ಸತ್ಯಮಂಗಲದ ಕಾಡ್ಗೆ ಓಯ್ತದಂತೆ!” ಎಂದು ಕಿರುಚಿದಳು. ಆ ಸಾಲಿನವರೆಲ್ಲ ಗಂಟುಮೂಟೆ ಹಿಡಿದು ಎದ್ದುನಿಂತರು.

ನಾನು ಮಾಲೀಕರಿಗೆ ವರದಿ ಒಪ್ಪಿಸಿದೆ. ಅವರ ಮುಖ ಅರಳಿತು.

“ನೋಡಿದ್ರಾ? ಒಂದೂರಿತ್ತು, ಎರಡೂರಾಯ್ತು. ಇಂಗೇ ತಟ್ತಾ ಇದ್ರೆ ಎಲ್ಲಾ ಊರೂ ಬತ್ತವೆ.”

ಬೋರ್ಡ್ ಹೋಯಿತು

ಡ್ರೈವರ್ ಕೊಟ್ಟ ಎರಡನೆಯ ಏಟಿಗೆ ಮೆಷಿನ್ ಮತ್ತೆ ತೆರಕಣಾಂಬಿಗೇ ಮರಳಿತು. ಏನು ಕೆಟ್ಟಿದೆ ಎಂದು ಗೊತ್ತಾಗದೆ ರಿಪೇರಿಯೋ ಹೊಸದೋ ಎಂದು ಜಗಳವಾಡುವುದು ಮೂರ್ಖತನ ಎಂದು ಹೇಳಿ, ಗುಂಡ್ಲುಪೇಟೆಯ ಮೊಬೈಲ್ ರಿಪೇರಿ ಅಂಗಡಿಗೆ ಕಳಿಸಿದೆ. ಅಂಗಡಿಯವನು ವಯನಾಡಿನ ಕಡೆಯವನು, ಕನ್ನಡ ಚೆನ್ನಾಗಿಯೇ ಆಡುತ್ತಾನೆ. ಬಿಚ್ಚಿ ನೋಡಿ ಮಾಲೀಕರಿಗೇ ಫೋನ್ ಮಾಡಿದ.

“ಸಾರೇ, ಬೋರ್ಡ್ ಹೋಯಿತು. ಬೇರೆ ಬೋರ್ಡ್ ಹಾಕಬೇಕು. ಅದು ಈಗ ಸಿಗೋದು ಕಷ್ಟ, ಅದಕ್ಕೇ…”

ಮಾಲೀಕರು ಪೂರ್ತಿ ಕೇಳಲಿಲ್ಲ. “ಇಷ್ಟೇನಾ! ಬೋರ್ಡು ಯಾಕ್ ಸಿಕ್ಕಕಿಲ್ಲ? ನಾನೇ ಆಕಿಸ್ತೀನಿ ಬುಡು” ಎಂದು ಫೋನ್ ಇಟ್ಟು, ಮೆಷಿನ್ನನ್ನು ಹಾಗೆಯೇ ವಾಪಸ್ ತರಿಸಿದರು.

ಮರುದಿನ ನಾನು ಸ್ಟ್ಯಾಂಡಿಗೆ ಹೋಗಿ ನೋಡಿದರೆ, ಬಸ್ಸಿನ ಹಣೆಯ ಮೇಲೆ ಹೊಚ್ಚಹೊಸ ಬೋರ್ಡು. ಹಳದಿ ಹಿನ್ನೆಲೆ, ಕೆಂಪು ಅಕ್ಷರ: ಉಮ್ಮತ್ತೂರು – ಚಾಮರಾಜನಗರ – ತೆರಕಣಾಂಬಿ – ಗುಂಡ್ಲುಪೇಟೆ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ, ಅದನ್ನು ಒಪ್ಪಬೇಕು. ಮಾಲೀಕರು ಹೆಮ್ಮೆಯಿಂದ ಕೆಳಗೆ ನಿಂತಿದ್ದರು.

“ಈಗ ಒಡಿ ಟಿಕೆಟ್ಟ” ಎಂದರು ಕಂಡಕ್ಟರ್‌ಗೆ. ಅವನು ಗುಂಡ್ಲುಪೇಟೆ ಒತ್ತಿದ. ಬಂದದ್ದು ತೆರಕಣಾಂಬಿ.

ಮಾಲೀಕರು ಟಿಕೆಟ್ ನೋಡಿದರು, ಬೋರ್ಡ್ ನೋಡಿದರು. ಆಮೇಲೆ ಬೆರಳಿನಿಂದ ಒಂದು ಅಕ್ಷರ ಮುಟ್ಟಿ ನೋಡಿ, “ಇನ್ನೂ ಪೇಂಟ್ ಒಣಗಿಲ್ಲ. ಅದ್ಕೇಯ” ಎಂದರು.

ನೀವು ಬರೆದುಕೊಡಿ

ವಾರದೊಳಗೆ ಒಬ್ಬ ಹೆಂಗಸು ಗಂಡನನ್ನು ಹಿಂದೆ ನಿಲ್ಲಿಸಿಕೊಂಡು ನನ್ನ ಆಫೀಸಿಗೆ ಬಂದಳು. ಮೇಜಿನ ಮೇಲೆ ಒಂದು ಟಿಕೆಟ್ ಬಡಿದಳು.

“ಗುಂಡ್ಲುಪೇಟೆಗೆ ಊವಿನ ಗಿಡದ ಔಷ್ದಿ ತರಾಕೋಗಿದ್ದೆ ಅಂದ್ರು. ಜೇಬಲ್ಲಿ ತೆರಕಣಾಂಬಿ ಟಿಕೆಟ್ ಸಿಕ್ಕದೆ. ತೆರಕಣಾಂಬೀಲಿ ಯಾರವ್ರೆ ಯೋಳಿ ಸಾ.”

ಮೆಷಿನ್ ಕೆಟ್ಟಿರುವುದನ್ನು ಮೊದಲಿನಿಂದ ವಿವರಿಸಿದೆ. ಗಂಡನ ಮುಖಕ್ಕೆ ಜೀವ ಬಂತು. “ನಾನ್ ಯೋಳ್ಲಿಲ್ವಾ ಕಣಮ್ಮಿ!”

“ನೀವು ಸುಮ್ಕಿರಿ” ಎಂದಳು ಆಕೆ. “ಮೆಷಿನ್ ಕೆಟ್ಟದೆ ಅಂದ್ರಿ, ಒಪ್ದೆ ಸಾ. ಇವ್ರು ಕೆಟ್ಟಿಲ್ಲ ಅಂತ ಬರ್ದುಕೊಡ್ತೀರಾ?”

ನನಗೆ ತಿಳಿಯದ ವಿಷಯಕ್ಕೆ ನಾನು ಸಹಿ ಹಾಕುವವನಲ್ಲ. ಹಾಗೆಂದೇ ಹೇಳಿದೆ. ಆ ಗಂಡ ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.

ಇಳಿದ ಅಜ್ಜಿ

ಈ ಮಾತು ಕಂಡಕ್ಟರ್ ಕಿವಿಗೆ ಬಿತ್ತು. “ಕಳ್ಳ ಅನ್ಸ್ಕತೀನಿ ಅಂತ ಎದ್ರಿಕೊಂಡಿದ್ದೆ. ಈಗ ಸಂಸಾರ ಒಡ್ಯೋನು ಅನ್ಸ್ಕಂಡೆ ಸಾ. ನಾಳೆ ಒಂದಿನ ಡ್ಯೂಟಿಗೋಗಿ, ಕೆಲ್ಸ ಬುಟ್ಟು ಬ್ಯಾಗ್ ಒಪ್ಪುಸ್ಬುಡ್ತೀನಿ” ಎಂದ. ಅಂಥ ಮನುಷ್ಯ ಹೋದರೆ ಕಂಪನಿಗೆ ಇನ್ನೊಬ್ಬ ಸಿಗುವುದಿಲ್ಲ. ದಾರಿಯಲ್ಲಿ ಮನಸ್ಸು ತಿರುಗಿಸೋಣವೆಂದು ಮರುದಿನ ನಾನೂ ಅದೇ ಬಸ್ಸು ಹತ್ತಿದೆ.

ಚಾಮರಾಜನಗರದಲ್ಲಿ ಮಾಲೀಕರ ತಾಯಿ ಹತ್ತಿದರು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಒಂದು ಚೀಲ. ಗುಂಡ್ಲುಪೇಟೆಯ ಮಗಳ ಮನೆಗೆ ಹೊರಟಿದ್ದರು. ಮಗನ ಬಸ್ಸಾದರೂ ಟಿಕೆಟ್ ಇಲ್ಲದೆ ಕೂರುವವರಲ್ಲ. ಕಂಡಕ್ಟರ್ ಗುಂಡ್ಲುಪೇಟೆ ಒತ್ತಿ, ಬಂದ ತೆರಕಣಾಂಬಿ ಟಿಕೆಟ್ಟನ್ನೇ ಕೊಟ್ಟ. ಅಜ್ಜಿ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಓದಿ, ಸೆರಗಿಗೆ ಕಟ್ಟಿಕೊಂಡರು.

ತೆರಕಣಾಂಬಿ ಬಂತು. ಅಜ್ಜಿ ಚೀಲ ಎತ್ತಿಕೊಂಡು ಇಳಿದರು.

“ಅವ್ವಾರೆ, ಗುಂಡ್ಲುಪೇಟೆ ಇನ್ನೂ ಮುಂದದೆ!” ಎಂದು ಕಂಡಕ್ಟರ್ ಹಿಂದೆಯೇ ಜಿಗಿದ.

“ಗೊತ್ತು ಕಣಪ್ಪ. ನನ್ ಟಿಕೆಟ್ಟು ಇಲ್ಲೀಗಂಟ.”

“ಮೆಷಿನ್ ಕೆಟ್ಟದೆ ಕಣವ್ವ. ಎಲ್ರೂ ಇದ್ರಲ್ಲೇ ಓಯ್ತಾವ್ರೆ.”

“ಓಗ್ಲಿ. ಅವ್ರ್ನ ಇಳೀರಿ ಅಂತ ನಾನಂದ್ನಾ?” ಎಂದು ಅಜ್ಜಿ ಅಂಗಡಿಯೊಂದರ ಜಗಲಿಯ ಮೇಲೆ ಕುಳಿತರು. “ಬಸ್ಸು ಮಡಗಿರೋರ ತಾಯಿ ಟಿಕೆಟ್ಟಲ್ಲಿ ಇಲ್ದ ಊರ್ಗೆ ಓದ್ಲು ಅಂತ ನಾಳೆ ಯಾರಾರ ಅನ್ಬಾರ್ದು. ಗುಂಡ್ಲುಪೇಟೆ ಅಂತ ಒಡ್ಯೋ ಮೆಷಿನ್ನು ಬರ್ಲಿ, ಏಳ್ತೀನಿ.”

ಮಾಲೀಕರ ತಾಯಿಯನ್ನು ಬಿಟ್ಟು ಬಸ್ಸು ತೆಗೆಯುವ ಧೈರ್ಯ ಡ್ರೈವರ್‌ಗಿಲ್ಲ. ಇಂಜಿನ್ ಆರಿಸಿದ. ಪ್ರಯಾಣಿಕರು ಕಿಟಕಿಯಿಂದ, “ಬಸ್ಸತ್ತವ್ವ, ನಮ್ಗೆ ಕೆಲ್ಸ ಅದೆ!” ಎಂದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಮಾಲೀಕರಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೆಷಿನ್ ಮಾರುವವನು ನಮಗೆ ನೋಡಲೆಂದು ಬಿಟ್ಟುಹೋಗಿದ್ದ ಹೊಸ ಮೆಷಿನ್, ನಮ್ಮ ದಾರಿಯ ಊರುಗಳನ್ನೆಲ್ಲ ತುಂಬಿಸಿಕೊಂಡು, ಆಫೀಸಿನ ಬೀರುವಿನಲ್ಲೇ ಇತ್ತು. ಬೀಗದ ಕೈ ಮಾತ್ರ ಅವರ ಜೇಬಿನಲ್ಲಿತ್ತು.

ಜನ ಟೀ ಕುಡಿದು ಮುಗಿಸುವ ಹೊತ್ತಿಗೆ ಕಾರು ಬಂತು. ಮಾಲೀಕರು ಹೊಸ ಮೆಷಿನ್ನನ್ನು ಕಂಡಕ್ಟರ್ ಕೈಗಿಟ್ಟರು. ಅವನು ಒತ್ತಿದ. ಚರ್ರೆಂದು ಬಂತು: ಗುಂಡ್ಲುಪೇಟೆ. ಕಂಡಕ್ಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಕೊಟ್ಟ.

“ಈಗಾಯ್ತಲ್ಲವ್ವ? ಬಾ, ನಾನೇ ಬುಟ್ಬತ್ತೀನಿ” ಎಂದು ಮಾಲೀಕರು ಕಾರಿನ ಬಾಗಿಲು ತೆರೆದು ಹಿಡಿದರು.

ಅಜ್ಜಿ ಟಿಕೆಟ್ ಓದಿದರು. ಕಾರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

“ಇದು ಬಸ್ ಟಿಕೆಟ್ಟು ಕಣ್ಲಾ” ಎಂದು ಚೀಲ ಎತ್ತಿಕೊಂಡು, ಬಸ್ಸಿನ ಮೆಟ್ಟಿಲು ಹತ್ತಿದರು.